ಕಪಾಟಿನಲ್ಲಿ ಏಳು ಡಬ್ಬಿ

ನಮ್ಮ ಕಡೆ ದೀಪಾವಳಿಗೆ ದೊಡ್ಡಹಬ್ಬ ಅಂತಾರೆ. ಬೆಂಗಳೂರಿನಲ್ಲಿ ಎಂಥ ರಿಲೀಸ್ ಇರಲಿ, ಮ್ಯಾನೇಜರ್ ಮುಖ ಹೇಗೇ ಮಾಡಿಕೊಳ್ಳಲಿ, ದೊಡ್ಡಹಬ್ಬಕ್ಕೆ ಸಾಗರದ ಬಸ್ಸು ಹತ್ತುವುದನ್ನು ನಾನು ಈವರೆಗೆ ತಪ್ಪಿಸಿಲ್ಲ. ಈ ಸಲ ಹಬ್ಬದ ಹಿಂದಿನ ಸಂಜೆ ಮನೆಯ ಫ್ಯೂಸ್ ಹೋಯಿತು. ಫ್ಯೂಸ್ ವೈರು ಅಪ್ಪನ ಕಪಾಟಿನಲ್ಲಿದೆ ಅಂತ ಅಮ್ಮ ಅಡುಗೆಮನೆಯಿಂದಲೇ ಕೂಗಿದಳು. ಮೊಬೈಲ್ ಟಾರ್ಚ್ ಹಿಡಿದು ಹುಡುಕಿದೆ. ಅಪ್ಪ ಇನ್ನೂ ಜೋಪಾನ ಮಾಡಿಟ್ಟಿರುವ ಹಳೆಯ ಹಾಜರಿ ಪುಸ್ತಕಗಳ ಹಿಂದೆ ವೈರಿನ ಬದಲು ಏಳು ಡಬ್ಬಿ ಸಿಕ್ಕವು. ಹೊಂಬಣ್ಣದ ಡಬ್ಬಿ, ಮೇಲೆ ಬಲ್ಬಿನ ಹಾಗೆ ಹೊಳೆಯುವ ಮಿದುಳಿನ ಚಿತ್ರ. ನೆನಪಿನ ಶಕ್ತಿಯ ಕ್ಯಾಪ್ಸೂಲು. ಐದು ಖಾಲಿ. ಇನ್ನೆರಡರ ಸೀಲು ಒಡೆದಿರಲಿಲ್ಲ.

“ಅಪ್ಪಾ, ಇದೆಂತದು?”

ಅಪ್ಪ ಬಾಗಿಲಲ್ಲಿ ನಿಂತು ನೋಡಿದರು. “ಅದಾ? ಅದನ್ನ ತಗೊಳ್ಳೋದೇ ಮರೆತು ಹೋಗಿತ್ತು ಮಾರಾಯ್ತಿ.”

ನೆನಪಿನ ಮಾತ್ರೆ ತಗೊಳ್ಳೋದು ಮರೆತು ಹೋಯ್ತು ಅಂದರೆ ಯಾರಿಗಾದರೂ ನಗು ಬರುತ್ತದೆ. ನಮಗೂ ಬಂತು. ನಗು ನಿಂತ ಮೇಲೆ ಅಪ್ಪ ಒಂದೊಂದೇ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಅದೇ ಜಾಗದಲ್ಲಿ, ಹಾಜರಿ ಪುಸ್ತಕಗಳ ಹಿಂದೆಯೇ ಇಟ್ಟರು. ಅಡಗಿಸಿಟ್ಟದ್ದು ಸಿಕ್ಕಿಬಿದ್ದ ಹುಡುಗನ ಮುಖ ಇತ್ತು ಅವರದ್ದು. ಅಲ್ಲಿಗೆ ನನಗೆ ನಗು ಹೋಯಿತು.

ಈ ಅಂಕಣದಲ್ಲಿ ಹಿಂದೊಮ್ಮೆ ಪಾಸ್‌ವರ್ಡ್ ಮರೆಯುವ ನನ್ನ ಚಾಳಿಯ ಬಗ್ಗೆ ಬರೆದಿದ್ದೆ. ‘ಮೂವತ್ತಕ್ಕೇ ಹೀಗಾದರೆ ಹೇಗಮ್ಮಾ’ ಅಂತ ಒಬ್ಬರು ಕಾಲೆಳೆದಿದ್ದರು. ಮೂವತ್ತರಲ್ಲಿ ಮರೆವು ತಮಾಷೆ. ಅರವತ್ತೆಂಟರಲ್ಲಿ ಅದು ತಮಾಷೆಯಲ್ಲ ಅನ್ನುವುದು ಅವತ್ತು ಕಪಾಟಿನ ಮುಂದೆ ಗೊತ್ತಾಯಿತು.

ಅಪ್ಪ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವರು. ಹತ್ತೊಂಬತ್ತರ ಮಗ್ಗಿಯನ್ನು ತಿರುಗಾಮುರುಗಾ ಹೇಳುವುದು ಅವರಿಗೆ ದೊಡ್ಡ ಸಂಗತಿಯೇ ಅಲ್ಲ. ಅವರ ನಿಜವಾದ ಹೆಮ್ಮೆ ಹೆಸರುಗಳದ್ದು. ಸಾಗರದ ಪೇಟೆಯಲ್ಲಿ ಯಾರೋ ನಡುವಯಸ್ಸಿನವರು ಬಂದು ಕಾಲಿಗೆ ನಮಸ್ಕಾರ ಮಾಡಿದರೆ, ಅವರ ಹೆಸರು, ಊರು, ಯಾವ ಬೆಂಚಿನಲ್ಲಿ ಕೂರುತ್ತಿದ್ದರು ಎಲ್ಲ ಹೇಳಿಬಿಡುತ್ತಿದ್ದರು. ಕಳೆದ ಮಾಘದಲ್ಲಿ ಒಂದು ಮದುವೆಮನೆಯಲ್ಲಿ ಹಳೆಯ ಶಿಷ್ಯನೊಬ್ಬ ಹೆಂಡತಿ ಮಕ್ಕಳನ್ನು ಕರೆತಂದು “ನಮ್ಮ ಮೇಷ್ಟ್ರಿಗೆ ಎಲ್ಲರ ಹೆಸರೂ ನೆನಪಿರ್ತದೆ, ಕೇಳು” ಅಂದನಂತೆ. ಅಪ್ಪನಿಗೆ ಹೆಸರು ಬರಲಿಲ್ಲ. ಆ ಹುಡುಗ ಏನೂ ಅಂದುಕೊಳ್ಳಲಿಲ್ಲ, ತಾನೇ ಹೆಸರು ಹೇಳಿ ನಕ್ಕು ಊಟಕ್ಕೆ ಹೋದ. ಅಪ್ಪ ಊಟ ಮಾಡದೆ ಮನೆಗೆ ಬಂದರು.

ಇದಾಗಿ ಹದಿನೈದು ದಿನಕ್ಕೆ ಮೊದಲ ಡಬ್ಬಿ ಬಂದಿದೆ.

ಬಂದದ್ದು ಟಿವಿಯಿಂದ. ಬೆಳಿಗ್ಗೆ ದಿನಭವಿಷ್ಯ ಮುಗಿದ ಮೇಲೆ, ಸುದ್ದಿ ಶುರುವಾಗುವುದಕ್ಕೆ ಮುಂಚೆ ಒಂದು ಅರ್ಧ ಗಂಟೆ ಇರುತ್ತದಲ್ಲ, ಆ ಹೊತ್ತಿನ ಕಾರ್ಯಕ್ರಮ. ಮಾರನೇ ದಿನ ನಾನೂ ಅಪ್ಪನ ಪಕ್ಕ ಕಾಫಿ ಹಿಡಿದು ಕೂತು ನೋಡಿದೆ. ಜಾಹೀರಾತು ಅಂತ ಅನ್ನಿಸುವುದೇ ಇಲ್ಲ. ಸೋಫಾ ಇದೆ, ಸೀರೆ ಉಟ್ಟ ನಿರೂಪಕಿ ಇದ್ದಾಳೆ, ಬಿಳಿ ಕೋಟು ಹಾಕಿದವರೊಬ್ಬರಿದ್ದಾರೆ. ವೀಕ್ಷಕರ ಫೋನು ಬರುತ್ತದೆ. “ನಮ್ಮ ಯಜಮಾನರು ಗ್ಯಾಸ್ ಹಚ್ಚಿಟ್ಟು ಮರೆತುಬಿಡ್ತಿದ್ರು ಮೇಡಂ, ಈಗ ಇಪ್ಪತ್ತು ವರ್ಷದ ಹಿಂದಿನದೂ ಹೇಳ್ತಾರೆ.” ಪರದೆಯ ಕೆಳಗೆ ಒಂದು ಫೋನ್ ನಂಬರು ಓಡುತ್ತಲೇ ಇರುತ್ತದೆ. ಇದು ಪ್ರಾಯೋಜಿತ ಕಾರ್ಯಕ್ರಮ, ಇದರಲ್ಲಿನ ಹೇಳಿಕೆಗಳಿಗೆ ವಾಹಿನಿ ಜವಾಬ್ದಾರಿಯಲ್ಲ ಅನ್ನುವ ಸಾಲು ಶುರುವಿನಲ್ಲಿ ಎರಡೇ ಸೆಕೆಂಡು ಬಂದು ಹೋಗುತ್ತದೆ. ಆ ಎರಡು ಸೆಕೆಂಡಿನಲ್ಲಿ ಅಪ್ಪ ಕನ್ನಡಕ ಹುಡುಕುತ್ತಿರುತ್ತಾರೆ.

ಅಪ್ಪ ಆ ನಂಬರಿಗೆ ಒಮ್ಮೆ ಫೋನು ಮಾಡಿದ್ದಾರೆ. ಆಮೇಲೆ ಅವರು ಮಾಡಬೇಕಾಗಿ ಬರಲಿಲ್ಲ, ಆ ಕಡೆಯವರೇ ಮಾಡಿದರು. “ಅಪ್ಪಾಜಿ, ತಿಂಡಿ ಆಯ್ತಾ? ಕ್ಯಾಪ್ಸೂಲು ತಗೊಳ್ತಿದೀರಾ? ಕೋರ್ಸ್ ಮಧ್ಯ ಬಿಟ್ರೆ ಪ್ರಯೋಜನ ಇಲ್ಲ ಅಪ್ಪಾಜಿ.” ವಾರಕ್ಕೊಂದು ಸಲ, ತಪ್ಪದೆ. ನಾನು ಫೋನು ಮಾಡುವುದಕ್ಕಿಂತ ಹೆಚ್ಚು ಸಲ. ಮೊದಲ ಡಬ್ಬಿಗೆ 2,490 ರೂಪಾಯಿ. ಆಮೇಲೆ ಎರಡಕ್ಕೆ ಇಷ್ಟು, ಮೂರಕ್ಕೆ ಇಷ್ಟು ಅಂತ ಆಫರು. ಪೋಸ್ಟ್‌ಮನ್ ಕೈಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದು. ಅಮ್ಮನಿಗೆ ಗೊತ್ತಾಗದ ಹಾಗೆ ಎಂಟು ತಿಂಗಳಲ್ಲಿ 14,000 ರೂಪಾಯಿ ಹೋಗಿದೆ. ನಾಲ್ಕು ರೂಪಾಯಿ ಉಳಿಸಲು ಆಟೋ ಬಿಟ್ಟು ಬಸ್ಸಿಗೆ ಕಾಯುವ ಮನುಷ್ಯ ನಮ್ಮಪ್ಪ.

ಡಬ್ಬಿಯ ಹಿಂಭಾಗ ಓದಿದೆ. ಕೆಲಸದಲ್ಲಿ ದಿನವಿಡೀ ಲಾಗ್ ಫೈಲ್ ಓದುವವಳು ನಾನು, ಸಣ್ಣ ಅಕ್ಷರಕ್ಕೆ ಹೆದರುವುದಿಲ್ಲ. ಮುಂಭಾಗದಲ್ಲಿ ದೊಡ್ಡದಾಗಿ ಮಿದುಳು. ಹಿಂಭಾಗದಲ್ಲಿ ಎಫ್‌ಎಸ್‌ಎಸ್‌ಎಐ ಎಂಬ ಗುರುತು, ಅದರ ಕೆಳಗೆ ಹದಿನಾಲ್ಕು ಅಂಕಿಯ ಪರವಾನಗಿ ಸಂಖ್ಯೆ. ಅದರ ಪಕ್ಕ ಇಂಗ್ಲಿಷಿನಲ್ಲಿ ಒಂದು ಸಾಲು: ಔಷಧವಾಗಿ ಬಳಸುವುದಕ್ಕಲ್ಲ.

“ಸರ್ಕಾರದ ಪರವಾನಗಿ ಇದ್ಯಲ್ಲ, ನಂಬರ್ ಇದೆ ನೋಡು” ಅಂದರು ಅಪ್ಪ.

ಇದೆ, ನಿಜ. ಆದರೆ ಈ ನಂಬರು ಚಿಪ್ಸ್ ಪೊಟ್ಟಣದ ಮೇಲೂ ಇರುತ್ತದೆ, ಉಪ್ಪಿನಕಾಯಿ ಬಾಟಲಿಯ ಮೇಲೂ ಇರುತ್ತದೆ. ಅದು ಆಹಾರ ಪದಾರ್ಥ ತಯಾರಿಸುವುದಕ್ಕೆ ಕೊಡುವ ಪರವಾನಗಿ. ಈ ಕ್ಯಾಪ್ಸೂಲು ನೋಡಲು ಔಷಧಿ, ಕಾಗದದ ಮೇಲೆ ತಿಂಡಿ. ಔಷಧಿ ಅಂತ ನೋಂದಾಯಿಸಿದರೆ ಔಷಧ ಕಾನೂನಿನ ಕೈಗೆ ಸಿಗಬೇಕಾಗುತ್ತದೆ. ಪೂರಕ ಆಹಾರ ಅಂದರೆ ದಾರಿ ಸಲೀಸು. ಆದ್ದರಿಂದಲೇ ಡಬ್ಬಿಯ ಮೇಲೆ ‘ಮರೆವು ವಾಸಿಮಾಡುತ್ತದೆ’ ಅಂತ ಎಲ್ಲೂ ಬರೆದಿಲ್ಲ. ‘ನೆನಪಿನ ಶಕ್ತಿಗೆ ಬೆಂಬಲ’ ಅಂತಿದೆ. ಬೆಂಬಲ ಅನ್ನುವ ಪದವನ್ನು ನ್ಯಾಯಾಲಯದಲ್ಲಿ ಯಾರು ಅಳೆಯುತ್ತಾರೆ? ವಾಸಿ ಮಾಡುವ ಮಾತನ್ನೆಲ್ಲ ಟಿವಿಯ ಫೋನ್ ಕರೆಗಳಿಗೆ, ‘ಅಪ್ಪಾಜಿ’ ಅನ್ನುವ ಹುಡುಗಿಗೆ ಬಿಟ್ಟಿದ್ದಾರೆ.

ನಮ್ಮಲ್ಲಿ ಕಾನೂನೇ ಇಲ್ಲ ಅಂದುಕೊಳ್ಳಬೇಡಿ. ಹುಡುಕಿ ಓದಿದಾಗ ನನಗೇ ಆಶ್ಚರ್ಯವಾಯಿತು. 1945ರ ಔಷಧ ನಿಯಮಗಳಲ್ಲಿ ಷೆಡ್ಯೂಲ್ ಜೆ ಅಂತ ಒಂದು ಪಟ್ಟಿ ಇದೆ. ಇಂಥಿಂಥದ್ದನ್ನು ತಡೆಯುತ್ತೇವೆ, ಗುಣಪಡಿಸುತ್ತೇವೆ ಅಂತ ಯಾವ ಔಷಧಿಯೂ ಹೇಳಿಕೊಳ್ಳಬಾರದು ಅನ್ನುವ ಪಟ್ಟಿ. ಕ್ಯಾನ್ಸರ್, ಮಧುಮೇಹ, ಬೋಳುತಲೆ, ಮಕ್ಕಳ ಎತ್ತರ ಹೆಚ್ಚಿಸುವುದು ಇವುಗಳ ಜೊತೆಗೆ ಮಿದುಳಿನ ಸಾಮರ್ಥ್ಯ ಹೆಚ್ಚಿಸುವುದು, ನೆನಪಿನ ಶಕ್ತಿ ಸುಧಾರಿಸುವುದು ಕೂಡ ಅದರಲ್ಲಿದೆ. ಇದಲ್ಲದೆ 1954ರಲ್ಲಿ ಬಂದ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ ಇದೆ. ಮಿದುಳಿನ ಕಾಯಿಲೆಗಳಿಗೆ ಔಷಧಿ ಇದೆ ಎಂದು ಜಾಹೀರು ಮಾಡುವುದು ಅದರ ಪ್ರಕಾರ ಅಪರಾಧ, ಮೊದಲ ಸಲಕ್ಕೆ ಆರು ತಿಂಗಳವರೆಗೂ ಜೈಲು ಆಗಬಹುದು. ಅಪ್ಪ ಹುಟ್ಟುವ ಮೊದಲೇ ಬಂದ ಕಾನೂನು ಇದು.

ಕಾನೂನಿಗೆ ಹಲ್ಲೇ ಇಲ್ಲ ಅಂತಲೂ ಅಲ್ಲ. ಭಾರತೀಯ ವೈದ್ಯಕೀಯ ಸಂಘ 2022ರಲ್ಲಿ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಕೂತದ್ದರಿಂದ 2024ರ ಏಪ್ರಿಲ್‌ನಲ್ಲಿ ಪತಂಜಲಿಯವರು ತಮ್ಮ ಜಾಹೀರಾತುಗಳಿಗಾಗಿ ಪತ್ರಿಕೆಗಳಲ್ಲಿ ಕ್ಷಮೆ ಕೇಳಬೇಕಾಯಿತು. ದಾರಿ ತಪ್ಪಿಸುವ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವ ಗಣ್ಯರೂ ಅಷ್ಟೇ ಹೊಣೆಗಾರರು ಅಂತ ಅದೇ ಮೇ ತಿಂಗಳಲ್ಲಿ ನ್ಯಾಯಾಲಯ ಹೇಳಿತು. ಆದರೆ ಒಂದೊಂದು ಚಾನೆಲ್ಲಿನ ಬೆಳಗಿನ ಅರ್ಧ ಗಂಟೆಯನ್ನು ನೋಡುತ್ತ ಕೂರುವಷ್ಟು ಪುರುಸೊತ್ತು ಸುಪ್ರೀಂ ಕೋರ್ಟಿಗೆ ಎಲ್ಲಿದೆ? ಅಷ್ಟು ಹೊತ್ತಿಗೆ ಎದ್ದು ಕೂತಿರುವವರು ನಮ್ಮಪ್ಪನಂಥವರು ಮಾತ್ರ.

ಅಪ್ಪನ ಮುಂದಿನ ಪ್ರಶ್ನೆ ಮೇಷ್ಟ್ರ ಪ್ರಶ್ನೆಯೇ ಆಗಿತ್ತು. “ಅಧ್ಯಯನ ಮಾಡಿ ಸಾಬೀತಾಗಿದೆ ಅಂತಾರಲ್ಲ. ಸುಳ್ಳೇ ಹೇಳೋಕಾಗ್ತದಾ?”

ಇದಕ್ಕೆ ಉತ್ತರವಾಗಿ ನಾನು ಅಮೆರಿಕದ ಕಥೆ ಹೇಳಿದೆ. ಅಕ್ಕ ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿ ಸಂಜೆ ಸುದ್ದಿ ಹಾಕಿದರೆ ಅರ್ಧಕ್ಕರ್ಧ ಔಷಧಿಯ ಜಾಹೀರಾತೇ ಅನ್ನುತ್ತಾಳೆ. ಡಾಕ್ಟರು ಬರೆದುಕೊಡಬೇಕಾದ ಔಷಧಿಗಳನ್ನು ಹೀಗೆ ನೇರವಾಗಿ ಜನರಿಗೆ ಜಾಹೀರು ಮಾಡಲು ಬಿಟ್ಟಿರುವ ದೇಶಗಳು ಅಮೆರಿಕ ಮತ್ತು ನ್ಯೂಜಿಲೆಂಡ್. 1997ರಲ್ಲಿ ಅಮೆರಿಕದ ಔಷಧ ಆಡಳಿತ ನಿಯಮ ಸಡಿಲಿಸಿದ ಮೇಲೆ ಟಿವಿಯಲ್ಲಿ ಇವುಗಳ ಪ್ರವಾಹವೇ ಬಂತು. ಆದರೂ ಆ ಜಾಹೀರಾತುಗಳಲ್ಲಿ ಒಂದು ಕಟ್ಟುಪಾಡಿದೆ. ಮುದುಕ ಮುದುಕಿ ಕೈಹಿಡಿದು ಹೂದೋಟದಲ್ಲಿ ನಡೆಯುತ್ತಿರುವಾಗ ಹಿಂದಿನ ದನಿ ಅಡ್ಡಪರಿಣಾಮಗಳ ಪಟ್ಟಿಯನ್ನು ಓದಲೇಬೇಕು. ನೆನಪಿನ ಶಕ್ತಿಯ ಪೂರಕಗಳಿಗೆ ಆ ಕಟ್ಟುಪಾಡೂ ಇಲ್ಲ. ಅಲ್ಲೂ ಅವು ಕಾಗದದ ಮೇಲೆ ಆಹಾರವೇ.

ಅವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಪ್ರೆವಜೆನ್. ಲೋಳೆಮೀನು ಅಂತೀವಲ್ಲ, ಆ ಜೆಲ್ಲಿಫಿಶ್‌ನಲ್ಲಿ ಮೊದಲು ಸಿಕ್ಕ ಒಂದು ಪ್ರೋಟೀನು ಅದರ ಮುಖ್ಯ ಪದಾರ್ಥ. ಕಂಪನಿ ನಿಜವಾಗಿಯೂ ಒಂದು ಅಧ್ಯಯನ ಮಾಡಿತ್ತು. 218 ಜನ, ಒಂದಷ್ಟು ಮಂದಿಗೆ ಔಷಧಿ, ಉಳಿದವರಿಗೆ ಸುಮ್ಮನೆ ಹುಸಿ ಮಾತ್ರೆ, 90 ದಿನ. 2017ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮತ್ತು ನ್ಯೂಯಾರ್ಕಿನ ಅಟಾರ್ನಿ ಜನರಲ್ ಸೇರಿ ಕಂಪನಿಯ ಮೇಲೆ ದಾವೆ ಹೂಡಿದರು. ಒಟ್ಟಾರೆ ನೋಡಿದರೆ ಎರಡು ಗುಂಪಿಗೂ ಗಣನೀಯ ವ್ಯತ್ಯಾಸವೇ ಇರಲಿಲ್ಲ, ಆಮೇಲೆ ಕಂಪನಿಯವರು ಜನರನ್ನು ಬೇರೆಬೇರೆ ಗುಂಪುಗಳಾಗಿ ಒಡೆದು ಮೂವತ್ತಕ್ಕೂ ಹೆಚ್ಚು ಸಲ ಲೆಕ್ಕ ಹಾಕಿ, ಒಳ್ಳೆಯದು ಕಂಡ ಒಂದೆರಡನ್ನು ಹಿಡಿದುಕೊಂಡು ಜಾಹೀರಾತು ಮಾಡಿದರು ಅನ್ನುವುದು ಆರೋಪ. ಕೇಸು ಏಳೆಂಟು ವರ್ಷ ಎಳೆಯಿತು. ಪ್ರೆವಜೆನ್ ನೆನಪಿನ ಶಕ್ತಿ ಹೆಚ್ಚಿಸುತ್ತದೆ ಅಂತ ಇನ್ನು ಹೇಳಿಕೊಳ್ಳಕೂಡದು ಅಂತ 2024ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಆದೇಶ ಮಾಡಿತು. ಅಷ್ಟು ವರ್ಷವೂ ಡಬ್ಬಿಗಳು ಅಂಗಡಿಯಲ್ಲಿ ಮಾರಾಟವಾಗುತ್ತಲೇ ಇದ್ದವು.

ಇದನ್ನು ಓದುವಾಗ ನನಗೆ ಸ್ವಲ್ಪ ಮುಜುಗರವೂ ಆಯಿತು, ಯಾಕೆಂದರೆ ಇಂಥದ್ದನ್ನು ನಾನೂ ಮಾಡಿದ್ದೇನೆ. ಮೂರು ವರ್ಷದ ಹಿಂದೆ ನಮ್ಮ ಆ್ಯಪಿನ ಒಂದು ಬಟನ್ ಬಣ್ಣ ಬದಲಿಸಿ, ಅರ್ಧ ಜನರಿಗೆ ಹಳೆಯದು, ಅರ್ಧ ಜನರಿಗೆ ಹೊಸದು ತೋರಿಸಿ ಪರೀಕ್ಷೆ ಮಾಡಿದ್ದೆವು. ವ್ಯತ್ಯಾಸ ಏನೂ ಬರಲಿಲ್ಲ. ಮ್ಯಾನೇಜರು “ಸೆಗ್ಮೆಂಟ್ ಪ್ರಕಾರ ನೋಡಿ” ಅಂದರು. ಊರಿನ ಪ್ರಕಾರ ಒಡೆದೆ, ಫೋನಿನ ಪ್ರಕಾರ ಒಡೆದೆ, ಹೊತ್ತಿನ ಪ್ರಕಾರ ಒಡೆದೆ. ಕೊನೆಗೆ ಹೈದರಾಬಾದಿನಲ್ಲಿ ರಾತ್ರಿ ಹತ್ತರ ಮೇಲೆ ಆ್ಯಪ್ ಬಳಸುವವರಿಗೆ ಹೊಸ ಬಟನ್ ಬಹಳ ಇಷ್ಟ ಅಂತ ಸಿಕ್ಕಿತು. ಸ್ಲೈಡ್ ಮಾಡಿದೆ, ಚಪ್ಪಾಳೆ ಬಿತ್ತು, ಬಟನ್ ಎಲ್ಲರಿಗೂ ಹೋಯಿತು. ಮೂರು ತಿಂಗಳ ಮೇಲೆ ನೋಡಿದರೆ ಹೈದರಾಬಾದಿನಲ್ಲೂ ಏನೂ ಬದಲಾಗಿರಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಉತ್ತರ ಬರುವ ತನಕ ಕೇಳುತ್ತಾ ಹೋಗಿದ್ದೆ, ಅಷ್ಟೆ.

“ಅಂದ್ರೆ ಎಂತ? ಮೂವತ್ತು ಸಲ ಲೆಕ್ಕ ಮಾಡಿದ್ರೆ ಒಂದಾದ್ರೂ ತಪ್ಪಿ ಸರಿ ಬಂದೇ ಬರ್ತದೆ ಅಂತಲಾ?” ಅಂದರು ಅಪ್ಪ.

ಹೌದು ಅಂದೆ. ಇಂಥ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಒಂದು ಒಪ್ಪಂದ ಇರುತ್ತದೆ. ಔಷಧಿಯಲ್ಲಿ ಏನೂ ಇಲ್ಲದಿದ್ದರೂ ಬರೀ ಅದೃಷ್ಟದಿಂದ ಒಳ್ಳೆಯ ಫಲಿತಾಂಶ ಕಾಣುವ ಸಾಧ್ಯತೆಯನ್ನು ನೂರಕ್ಕೆ ಐದರ ಒಳಗೆ ಇಟ್ಟುಕೊಳ್ಳುತ್ತಾರೆ. ಒಂದು ಸಲ ಕೇಳಿದರೆ ಐದೇ. ಮೂವತ್ತು ಸಲ ಕೇಳಿದರೆ? ನಾನು ಫೋನಿನ ಕ್ಯಾಲ್ಕ್ಯುಲೇಟರ್ ತೆಗೆಯುವಷ್ಟರಲ್ಲಿ ಅಪ್ಪ ಎದ್ದು ಹೋಗಿ ಕಪಾಟಿನಿಂದ ಹಳೆಯ ಲಾಗರಿದಂ ಪುಸ್ತಕ ತಂದರು. ಡಬ್ಬಿಗಳ ಪಕ್ಕದಲ್ಲೇ ಇತ್ತು ಅದು. ಒಂದು ಸಲಕ್ಕೆ ಮೋಸಹೋಗದೆ ಉಳಿಯುವ ಸಾಧ್ಯತೆ 0.95. ಮೂವತ್ತು ಸಲವೂ ಉಳಿಯಬೇಕಾದರೆ ಅದರ ಮೂವತ್ತನೇ ಘಾತ. ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದರು. ಲಾಗ್ ತೆಗೆದರು, ಮೂವತ್ತರಿಂದ ಗುಣಿಸಿದರು, ಆಂಟಿಲಾಗ್‌ನ ಪುಟ ತಿರುಗಿಸಿ ಬೆರಳು ಜಾರಿಸಿದರು.

“0.21. ಅಂದ್ರೆ ನೂರಕ್ಕೆ ಎಪ್ಪತ್ತೆಂಟು, ಎಪ್ಪತ್ತೊಂಬತ್ತು ಸಲ ಒಂದಾದ್ರೂ ಸುಳ್ಳು ಗೆಲುವು ಸಿಗ್ತದೆ.” ಒಂದು ಕ್ಷಣ ಬಿಟ್ಟು, “ಕಾಪಿ ಹೊಡೆದು ಪಾಸಾದ ಹಾಗಾಯ್ತಲ್ಲ ಇದು” ಅಂದರು.

ಮೂವತ್ತು ಲೆಕ್ಕಗಳೂ ಒಂದಕ್ಕೊಂದು ಸಂಬಂಧವಿಲ್ಲದವು ಅಂತ ಇಟ್ಟುಕೊಂಡರೆ ಈ ಉತ್ತರ, ನಿಜದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ ಅಂತ ನಾನು ಹೇಳಹೊರಟೆ. ಅದನ್ನೂ ಅವರೇ ಹೇಳಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ನನ್ನ ಮುಖ ನೋಡಿದಳು. ಹೆಸರು ಮರೆತ ಮನುಷ್ಯನಿಗೆ ಲಾಗ್ ಟೇಬಲ್ ಮರೆತಿಲ್ಲ.

ಕ್ಯಾಪ್ಸೂಲಿನೊಳಗೆ ಇರುವುದೆಲ್ಲ ಬೂದಿ ಮಣ್ಣು ಅಂತ ನಾನು ಹೇಳುತ್ತಿಲ್ಲ. ಬ್ರಾಹ್ಮಿ, ಅಶ್ವಗಂಧ, ಶಂಖಪುಷ್ಪ ಅಂತ ಪಟ್ಟಿ ಇತ್ತು. ಬ್ರಾಹ್ಮಿಯ ಮೇಲೆ ಕೆಲವು ಸಣ್ಣ ಅಧ್ಯಯನಗಳಾಗಿವೆ, ಹನ್ನೆರಡು ವಾರ ತೆಗೆದುಕೊಂಡವರಲ್ಲಿ ಒಂದಿಷ್ಟು ಪರಿಣಾಮ ಕಂಡದ್ದೂ ಇದೆ. ಆದರೆ ಸಣ್ಣ ಅಧ್ಯಯನದಲ್ಲಿ ಕಂಡದ್ದು ದೊಡ್ಡದರಲ್ಲಿ ನಿಲ್ಲಬೇಕಲ್ಲ. ಗಿಂಕೊ ಎಂಬ ಮರದ ಎಲೆಯ ಸಾರಕ್ಕೆ ನೆನಪಿನ ವಿಷಯದಲ್ಲಿ ಜಗತ್ತಿನಾದ್ಯಂತ ಹೆಸರಿತ್ತು. ಅಮೆರಿಕದಲ್ಲಿ 75 ದಾಟಿದ ಸುಮಾರು 3,000 ಜನರಿಗೆ ಅದನ್ನೋ ಹುಸಿ ಮಾತ್ರೆಯನ್ನೋ ಕೊಟ್ಟು ಸುಮಾರು ಆರು ವರ್ಷ ಗಮನಿಸಿದರು. 2008ರಲ್ಲಿ ಫಲಿತಾಂಶ ಬಂತು. ಮರೆಗುಳಿ ಕಾಯಿಲೆ ಬರುವುದನ್ನು ಗಿಂಕೊ ತಡೆಯಲಿಲ್ಲ. ಗಿಡಮೂಲಿಕೆ ಅಂದಮಾತ್ರಕ್ಕೆ ಅಪಾಯವಿಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಗಿಂಕೊ ಮುಟ್ಟುವ ಮೊದಲು ಡಾಕ್ಟರನ್ನು ಕೇಳಬೇಕು, ರಕ್ತಸ್ರಾವ ಹೆಚ್ಚಬಹುದು.

ಬ್ರಾಹ್ಮಿ ಅಂದಾಗ ಅಮ್ಮ ಮಧ್ಯ ಬಾಯಿ ಹಾಕಿದಳು. “ಒಂದೆಲಗ ಅಲ್ವನಾ? ಬಾವಿಕಟ್ಟೆ ಹತ್ರ ಬೇಕಾದಷ್ಟಿದೆ. ತಂಬುಳಿ ಮಾಡಿದ್ರೆ ಮೂಗು ಮುರೀತಾರೆ, ಡಬ್ಬೀಲಿ ಬಂದ್ರೆ ಎರಡು ಸಾವಿರ ಕೊಡ್ತಾರೆ.” ನಮ್ಮಲ್ಲಿ ಒಂದೆಲಗಕ್ಕೂ ಬ್ರಾಹ್ಮಿ ಅಂತಾರೆ, ನೀರುಬ್ರಾಹ್ಮಿಗೂ ಬ್ರಾಹ್ಮಿ ಅಂತಾರೆ. ಎರಡೂ ಬೇರೆಬೇರೆ ಗಿಡ. ಡಬ್ಬಿಯಲ್ಲಿ ಯಾವುದಿದೆ, ಎಷ್ಟಿದೆ ಎಂದು ನೋಡಹೋದರೆ ಒಟ್ಟು ‘ಮಿಶ್ರಣ 500 ಮಿಲಿಗ್ರಾಂ’ ಅಂತ ಮಾತ್ರ ಇತ್ತು. ಅಮ್ಮನ ತಂಬುಳಿಯಲ್ಲಿ ಏನಿದೆ ಅಂತ ಕನಿಷ್ಠ ಗೊತ್ತಿದೆ. ಅದು ನೆನಪಿನ ಶಕ್ತಿ ಕೊಡದೇ ಹೋದರೂ ಊಟಕ್ಕೆ ರುಚಿ ಕೊಡುತ್ತದೆ.

ಹಬ್ಬ ಮುಗಿದ ಮೂರನೇ ದಿನ ಅಪ್ಪನನ್ನು ಶಿವಮೊಗ್ಗಕ್ಕೆ ಒಬ್ಬ ಫಿಸಿಶಿಯನ್ ಹತ್ತಿರ ಕರೆದುಕೊಂಡು ಹೋದೆ. “ಎಂತಕ್ಕೆ, ವಯಸ್ಸಾದ್ಮೇಲೆ ಇದೆಲ್ಲ ಇದ್ದಿದ್ದೇ” ಅನ್ನುತ್ತಲೇ ಬಂದರು. ಡಾಕ್ಟರು ಮೊದಲು ಕೇಳಿದ್ದು ಮರೆವಿನ ಬಗ್ಗೆ ಅಲ್ಲ. ಯಾವ ಯಾವ ಮಾತ್ರೆ ತಗೊಳ್ತೀರಿ, ಎಷ್ಟು ವರ್ಷದಿಂದ? ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹನ್ನೊಂದು ವರ್ಷದಿಂದ. ಸಸ್ಯಾಹಾರಿಯಾ? ಹೌದು. ಪಾದ ಜುಮುಜುಮು ಅನ್ನುತ್ತದಾ? ಅಪ್ಪ ನನ್ನ ಮುಖ ನೋಡಿದರು, ಹೌದು ಅಂದರು. ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕಿವಿ ಸರಿಯಾಗಿ ಕೇಳುತ್ತದಾ, ನಿದ್ದೆ ಹೇಗೆ, ಮನಸ್ಸಿಗೆ ಬೇಜಾರಿದೆಯಾ, ನೆಗಡಿಗೆ ಅಂತ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತೀರಾ, ಎಲ್ಲ ಕೇಳಿ ರಕ್ತಪರೀಕ್ಷೆ ಬರೆದರು.

ಥೈರಾಯ್ಡ್ ಸರಿಯಿತ್ತು. ಬಿ12 ಮಾತ್ರ 132. ಇನ್ನೂರಕ್ಕಿಂತ ಕೆಳಗಿದ್ದರೆ ಕಡಿಮೆ ಅಂತ ಲೆಕ್ಕ. ಮೆಟ್‌ಫಾರ್ಮಿನ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ದೇಹಕ್ಕೆ ಸೇರುವುದು ಕಡಿಮೆಯಾಗುತ್ತದೆ. ಸಸ್ಯಾಹಾರಿಗಳಿಗೆ ಅದು ಸಿಗುವುದೇ ಹಾಲು, ಮೊಸರಿನಿಂದ, ಅದೂ ಸ್ವಲ್ಪ. ಬಿ12 ಕಡಿಮೆಯಾದರೆ ನರಗಳಿಗೆ ಪೆಟ್ಟು, ಪಾದ ಜುಮುಗುಡುತ್ತದೆ, ಮರೆವು ಬರುತ್ತದೆ. ಇದು ಹೊಸ ಸಂಶೋಧನೆಯಲ್ಲ, ವೈದ್ಯಕೀಯ ಪಠ್ಯಪುಸ್ತಕದಲ್ಲಿರುವ ಸಂಗತಿ. ತಡವಾದಷ್ಟೂ ನರದ ಪೆಟ್ಟು ಪೂರ್ತಿ ವಾಸಿಯಾಗುವ ಭರವಸೆ ಕಡಿಮೆ ಅಂದರು ಡಾಕ್ಟರು. ಸಕ್ಕರೆ ಮಾತ್ರೆಯನ್ನು ನಿಲ್ಲಿಸಬೇಕಾಗಿಲ್ಲ, ನೀವಾಗಿ ನಿಲ್ಲಿಸಲೂಬಾರದು ಅಂತ ಎರಡು ಸಲ ಹೇಳಿ, ಬಿ12 ಇಂಜೆಕ್ಷನ್ ಶುರುಮಾಡಿದರು. ಆ ಇಂಜೆಕ್ಷನ್ನಿನ ಬೆಲೆ ಡಬ್ಬಿಯ ಬೆಲೆಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೆ ಸೋಫಾ ಹಾಕಿ ಅರ್ಧ ಗಂಟೆ ಜಾಹೀರಾತು ಮಾಡಿದರೆ ಯಾರಿಗೂ ಲಾಭವಿಲ್ಲ.

ನನಗೆ ಸಿಟ್ಟು ಬಂದದ್ದು 14,000 ರೂಪಾಯಿಗಲ್ಲ, ಆ ಎಂಟು ತಿಂಗಳಿಗೆ. ಮದುವೆಮನೆಯಿಂದ ಊಟ ಬಿಟ್ಟು ಬಂದ ದಿನ ಅಪ್ಪನಿಗೆ ಏನೋ ಆಗಿದೆ ಅಂತ ಅಪ್ಪನಿಗೇ ಗೊತ್ತಿತ್ತು. ಟಿವಿಯಲ್ಲಿ ಉತ್ತರ ಸಿಗದೇ ಹೋಗಿದ್ದರೆ ಬಹುಶಃ ಅಮ್ಮನಿಗೆ ಹೇಳುತ್ತಿದ್ದರು, ಡಾಕ್ಟರ ಹತ್ತಿರ ಹೋಗುತ್ತಿದ್ದರು. ಡಬ್ಬಿ ಬಂದ ಮೇಲೆ ಏನೋ ಮಾಡುತ್ತಿದ್ದೇನಲ್ಲ ಅನ್ನುವ ಸಮಾಧಾನ ಬಂತು. ಪರೀಕ್ಷೆ ಇರಬೇಕಾದ ಜಾಗದಲ್ಲಿ ಡಬ್ಬಿ ಕೂತಿತ್ತು.

ಶಿವಮೊಗ್ಗದಿಂದ ವಾಪಸ್ ಬರುವಾಗ ಕೇಳಿದೆ, “ನಮಗ್ಯಾಕೆ ಹೇಳಲಿಲ್ಲ?” ಅಪ್ಪ ಬಹಳ ಹೊತ್ತು ಕಿಟಕಿ ನೋಡಿದರು. ಆನಂದಪುರ ದಾಟಿದ ಮೇಲೆ, “ಅಜ್ಜಿ ನೆನಪಿದ್ಯಾ ನಿಂಗೆ?” ಅಂದರು.

ನೆನಪಿದೆ. ಅಜ್ಜಿ ಕೊನೆಯ ನಾಲ್ಕು ವರ್ಷ ಯಾರನ್ನೂ ಗುರುತಿಸುತ್ತಿರಲಿಲ್ಲ. ಅಪ್ಪ ಶಾಲೆಯಿಂದ ಬಂದರೆ ಜಗಲಿಯಲ್ಲಿ ಕೂತು “ಯಾವ ಊರಾಯ್ತು ನಿಮ್ಮದು? ಊಟ ಮಾಡ್ಕಂಡು ಹೋಗಿ” ಅನ್ನುತ್ತಿದ್ದರು, ಬಹಳ ಗೌರವದಿಂದ. ನಾವು ಮಕ್ಕಳು ಅದನ್ನು ಅನುಕರಣೆ ಮಾಡಿ ನಗುತ್ತಿದ್ದೆವು. ಅಪ್ಪ ಚಪ್ಪಲಿ ಬಿಟ್ಟು, “ನಂದು ಇದೇ ಊರಮ್ಮಾ” ಅಂತ ದಿನಾ ಉತ್ತರ ಕೊಡುತ್ತಿದ್ದರು. ಇಪ್ಪತ್ತು ವರ್ಷದಿಂದ ಆ ಜಗಲಿ ಅಪ್ಪನ ತಲೆಯಲ್ಲಿ ಇದೆ. ಅದನ್ನು ಅವರು ಮಕ್ಕಳಿಗೆ ಹೇಳಲಿಲ್ಲ. ಪರದೆಯ ಕೆಳಗೆ ಓಡುವ ನಂಬರಿಗೆ ಹೇಳಿದರು. ‘ಅಪ್ಪಾಜಿ’ ಅನ್ನುವ ಆ ಹುಡುಗಿ, ಅವಳ ಕೆಲಸವೇ ಅದಾದರೂ, ಕೇಳಿಸಿಕೊಂಡಳು. ವಾರಕ್ಕೊಮ್ಮೆ ಫೋನು ಮಾಡಿ “ಹೂಂ ಅಪ್ಪ, ಆಮೇಲೆ ಮಾಡ್ತೀನಿ, ಮೀಟಿಂಗ್ ಇದೆ” ಅನ್ನುತ್ತಿದ್ದ ನಾನು ಕೇಳಿಸಿಕೊಂಡಿರಲಿಲ್ಲ.

ಈಗ ಮೂರು ತಿಂಗಳಾಗಿದೆ. ಪಾದದ ಜುಮುಗುಡುವಿಕೆ ಸುಮಾರು ಕಡಿಮೆಯಾಗಿದೆ. ಅಪ್ಪ ಮೊದಲಿಗಿಂತ ಚುರುಕಾಗಿದ್ದಾರೆ ಅಂತ ಅಮ್ಮ ಅನ್ನುತ್ತಾಳೆ. ಹೆಸರುಗಳು ಎಲ್ಲವೂ ವಾಪಸ್ ಬಂದಿಲ್ಲ. ಬರಲಿಕ್ಕಿಲ್ಲ ಕೂಡ. ಎಲ್ಲ ಬಿ12ನಿಂದಲೇ ಆದದ್ದು ಅಂತ ಈಗಲೇ ಹೇಳಲಾಗದು, ಆರು ತಿಂಗಳಿಗೊಮ್ಮೆ ನೋಡೋಣ ಅಂದಿದ್ದಾರೆ ಡಾಕ್ಟರು. ಬೇಕಾದರೆ ನಿಮ್ಹಾನ್ಸ್‌ನಲ್ಲೂ ತೋರಿಸುತ್ತೇವೆ. 2024ರಲ್ಲಿ ಲ್ಯಾನ್ಸೆಟ್ ಆಯೋಗ ಕೊಟ್ಟ ವರದಿಯ ಪ್ರಕಾರ ಮರೆಗುಳಿ ಕಾಯಿಲೆಯ ಪ್ರಕರಣಗಳಲ್ಲಿ ಸುಮಾರು 45 ಪ್ರತಿಶತದಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು. ಅದಕ್ಕೆ ಅವರು 14 ಸಂಗತಿಗಳನ್ನು ಹೇಳುತ್ತಾರೆ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಹಿಡಿತದಲ್ಲಿಡುವುದು, ಕಿವಿ ಕಣ್ಣು ಸರಿಮಾಡಿಸಿಕೊಳ್ಳುವುದು, ಬೀಡಿ ಸಿಗರೇಟು ಬಿಡುವುದು, ನಡೆಯುವುದು, ಒಂಟಿಯಾಗಿ ಕೂರದಿರುವುದು ಅದರಲ್ಲಿವೆ. ಇವುಗಳಲ್ಲಿ ಯಾವುದನ್ನೂ ಕ್ಯಾಪ್ಸೂಲಿನಲ್ಲಿ ತುಂಬಲಾಗುವುದಿಲ್ಲ.

ಆ ಬೆಳಗಿನ ಕಾರ್ಯಕ್ರಮದ ವಿಡಿಯೊ ತೆಗೆದು, ಡಬ್ಬಿಯ ಫೋಟೊ ಹಾಕಿ, ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐಗೆ ದೂರು ಕಳಿಸಿದ್ದೇನೆ. ಸಾಮಾನ್ಯ ಜನರೂ ಮೊಬೈಲಿನಿಂದಲೇ ದೂರು ಕೊಡಬಹುದು, ಹತ್ತು ನಿಮಿಷದ ಕೆಲಸ. ಇನ್ನೂ ಉತ್ತರ ಬಂದಿಲ್ಲ. ಕಾರ್ಯಕ್ರಮ ನಿಂತಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ನನ್ನೆದುರೇ ಆ ಫೋನು ಬಂತು. ಸ್ಪೀಕರಿನಲ್ಲಿ “ಅಪ್ಪಾಜಿ, ಕೋರ್ಸ್ ಯಾಕೆ ನಿಲ್ಲಿಸಿದ್ರಿ?” ನಾನು ಫೋನು ಕಿತ್ತುಕೊಳ್ಳಲು ಕೈ ಚಾಚಿದೆ. ಅಪ್ಪ ತಡೆದರು. “ಅಲ್ಲಮ್ಮಾ, ಒಂದು ಲೆಕ್ಕ ಕೇಳ್ತೀನಿ. ನಿಮ್ಮ ಅಧ್ಯಯನದಲ್ಲಿ ಎಷ್ಟು ಜನ ಇದ್ರು? ಹುಸಿ ಮಾತ್ರೆ ಎಷ್ಟು ಜನಕ್ಕೆ ಕೊಟ್ರಿ? ಎಷ್ಟು ಸಲ ಲೆಕ್ಕ ಮಾಡಿದ್ರಿ?” ಆ ಕಡೆ ಮೌನ. “ಸರ್‌ಗೆ ಕೇಳಿ ಹೇಳ್ತೀನಿ ಅಪ್ಪಾಜಿ” ಅಂದಳು. “ಕೇಳಿ ಹೇಳು, ಅವಸರ ಇಲ್ಲ. ಊಟ ಆಯ್ತಾ ನಿಂದು?” ಅಂದರು ಅಪ್ಪ. ಅವಳು ಮತ್ತೆ ಫೋನು ಮಾಡಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಅಮ್ಮನ ಕಪಾಟನ್ನೊಮ್ಮೆ ನೋಡಿ. ಡಬ್ಬಿ ಸಿಕ್ಕಿದರೆ ಬಯ್ಯಬೇಡಿ, ಬೈದರೆ ಮುಂದಿನದನ್ನು ಇನ್ನೂ ಒಳಗೆ ಅಡಗಿಸುತ್ತಾರೆ. ಯಾವತ್ತು ತರಿಸಿದಿರಿ, ಅದಕ್ಕೆ ಮೊದಲು ಏನಾಗಿತ್ತು ಅಂತ ಕೇಳಿ, ಕೂತು ಕೇಳಿಸಿಕೊಳ್ಳಿ. ಆಮೇಲೆ ಒಂದು ರಕ್ತಪರೀಕ್ಷೆ ಮಾಡಿಸಿ.

ನಾನು ಈಗ ದಿನಾ ರಾತ್ರಿ ಎಂಟೂವರೆಗೆ ಮನೆಗೆ ಫೋನು ಮಾಡುತ್ತೇನೆ. ಅಪ್ಪ ನನಗೊಂದು ಲೆಕ್ಕ ಕೊಡುತ್ತಾರೆ, ಕ್ಯಾಲ್ಕ್ಯುಲೇಟರ್ ಮುಟ್ಟುವ ಹಾಗಿಲ್ಲ. ಹೆಚ್ಚಿನ ಸಲ ತಪ್ಪಾಗುವುದು ನನ್ನದೇ.